ಅಪ್ಪನನ್ನು ಲಾರಿಯಿಂದ ಇಳಿಸಿದ್ದು

ಅಪ್ಪ ಮೂವತ್ತೊಂದು ವರ್ಷ ಲಾರಿ ಓಡಿಸಿದ. ಅವನನ್ನು ಆ ಲಾರಿಯಿಂದ ಇಳಿಸಿದವಳು ನಾನು. ಇದನ್ನು ಯಾರಿಗೆ ಹೇಳಿದರೂ "ಒಳ್ಳೇದೇ ಮಾಡಿದೆ ಬಿಡು" ಅನ್ನುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಒಳ್ಳೆಯದು ಮಾಡಿದ್ದಕ್ಕೆ ಹೆತ್ತ ಮಗಳ ಜೊತೆ ಯಾರಾದರೂ ಏಳು ತಿಂಗಳು ಮಾತು ಬಿಡುತ್ತಾರೆಯೇ?

ಅಪ್ಪ ಹುಟ್ಟಿದ್ದು ಹಂದನಕೆರೆಯ ಕಡೆ. ಇಪ್ಪತ್ತು ತುಂಬುವ ಮೊದಲೇ ತಿಪಟೂರಿಗೆ ಬಂದು ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊತ್ತ. ಲೋಡು ತುಂಬುವಾಗ ಲಾರಿಯನ್ನು ಹಿಂದೆ ಮುಂದೆ ಮಾಡುತ್ತ ಮಾಡುತ್ತಲೇ ಗೇರು ಹಾಕುವುದನ್ನು ಕಲಿತನಂತೆ. ಆಮೇಲೆ ಅದೇ ಮಂಡಿಯ ಲಾರಿಗೆ ಡ್ರೈವರಾದ. ನಮ್ಮ ಕಡೆಯ ಉಂಡೆ ಕೊಬ್ಬರಿ ತಿನ್ನುವವರೆಲ್ಲ ಉತ್ತರದವರು. ಹಾಗಾಗಿ ದೆಹಲಿ, ಜೈಪುರ, ಕಾನ್ಪುರ ಎನ್ನುವುದು ನಮ್ಮ ಮನೆಯಲ್ಲಿ ಪಕ್ಕದ ಬೀದಿಯ ಹೆಸರುಗಳಷ್ಟು ಸಲೀಸು. ಹೋಗಿಬರಲು ಹನ್ನೆರಡು ದಿನ, ವಾಪಸು ಲೋಡು ಸಿಗದಿದ್ದರೆ ಇಪ್ಪತ್ತು ದಿನ. ಮನೆಯಲ್ಲಿ ಎರಡು ದಿನ ಇದ್ದರೆ ಹೆಚ್ಚು.

ಫೋನು ಮಾಡಿ "ಎಲ್ಲಿದ್ದೀಯಪ್ಪಾ?" ಅಂದರೆ ಅವನ ಉತ್ತರ ಯಾವಾಗಲೂ ಒಂದೇ. "ಇಲ್ಲೇ ಬಂದೆ ಕಣಮ್ಮ." ಆ 'ಇಲ್ಲೇ' ಎನ್ನುವುದು ಹುಳಿಯಾರೂ ಆಗಬಹುದಿತ್ತು, ಸೊಲ್ಲಾಪುರವೂ ಆಗಬಹುದಿತ್ತು. ನನ್ನ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ "ಇಲ್ಲೇ ಬಂದೆ, ಸ್ವೀಟು ತತ್ತೀನಿ" ಅಂದವನು ಐದು ದಿನ ಬಿಟ್ಟು ಬಂದ, ನಾಗಪುರದ ಕಿತ್ತಳೆಹಣ್ಣಿನ ಚೀಲ ಹೊತ್ತುಕೊಂಡು. ಅರ್ಧ ಹಣ್ಣು ಕೊಳೆತಿತ್ತು. "ಸ್ವೀಟು ಎಲ್ಲಿ?" ಅಂತ ಕೇಳಿದ್ದಕ್ಕೆ "ಇದೇನು ಹುಳಿಯಾ?" ಅಂದ. ನಾನು ಅಳುತ್ತಿದ್ದರೆ ಅವನು ನಿಜವಾಗಿಯೂ ಕಾರಣ ಗೊತ್ತಾಗದೆ ಅಮ್ಮನ ಮುಖ ನೋಡುತ್ತಿದ್ದ.

ಹಾಗಂತ ಮನೆಯ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ದಿನಾ ಬೆಳಿಗ್ಗೆ ಆರೂವರೆಗೆ ಫೋನು ಬರಲೇಬೇಕು. ನಲ್ಲಿಯಲ್ಲಿ ನೀರು ಬಂತೇ, ಕರೆಂಟು ಬಿಲ್ಲು ಕಟ್ಟಿದಿರೇ, ನನ್ನ ಸೈಕಲ್ಲಿಗೆ ಗಾಳಿ ಇದೆಯೇ ಎಂದು ರಾಜಸ್ಥಾನದಲ್ಲಿ ಕುಳಿತು ವಿಚಾರಿಸುತ್ತಿದ್ದ. ಊರಿಗೆ ಬಂದ ದಿನ ಸ್ನಾನಕ್ಕೂ ಮೊದಲು ಸ್ಪ್ಯಾನರ್ ಹಿಡಿದು ಮನೆ ಸುತ್ತುತ್ತಿದ್ದ. ಕುಕ್ಕರಿನ ಹಿಡಿ, ಮಂಚದ ಬೋಲ್ಟು, ಬಚ್ಚಲ ಬಾಗಿಲಿನ ಕೀಲು, ಸಡಿಲವಾಗಿದ್ದದ್ದನ್ನೆಲ್ಲ ಬಿಗಿ ಮಾಡುತ್ತಿದ್ದ. ಮಾತಿಗೆ ಮಾತ್ರ ಅವನ ಹತ್ತಿರ ಸಮಯವಿರುತ್ತಿರಲಿಲ್ಲ. ಊಟ ಮಾಡಿ ನೆಲದ ಮೇಲೆ ಮಲಗಿದರೆ ಎದ್ದೇಳುವುದು ಮಾರನೆಯ ದಿನ ಮಂಡಿಯಿಂದ ಕರೆ ಬಂದಾಗಲೇ. ಹೊರಡುವಾಗ ಅಮ್ಮ ಒಂದು ಡಬ್ಬಿ ರಾಗಿಹಿಟ್ಟು, ಒಂದು ಡಬ್ಬಿ ಸಾರಿನ ಪುಡಿ ಕೊಡುತ್ತಿದ್ದಳು. ಲಾರಿಯ ನೆರಳಿನಲ್ಲಿ ಸ್ಟವ್ ಹಚ್ಚಿ ಮುದ್ದೆ ಮಾಡಿಕೊಳ್ಳುತ್ತಿದ್ದನಂತೆ. "ಜೈಪುರದಾಗೆ ಮುದ್ದೆ ಉಂಡೋನು ನಾನೊಬ್ನೇ ಇರ್ಬೇಕು" ಎಂದು ಹೇಳಿ ನಗುತ್ತಿದ್ದ.

ನನ್ನ ಮದುವೆಯ ದಿನವೂ ಅವನು ಬಂದದ್ದು ಮುಹೂರ್ತಕ್ಕೆ ಎರಡು ಗಂಟೆ ಮುಂಚೆ. ಧಾರೆ ಎರೆಯುವಾಗ ಅವನ ಅಂಗೈ ನೋಡಿದೆ. ಟಾರ್ಪಾಲಿನ ಹಗ್ಗ ಎಳೆದೆಳೆದು ಆದ ಕೆಂಪು ಗೆರೆಗಳು ಇನ್ನೂ ಹಸಿಯಾಗಿದ್ದವು. ಅಯ್ಯೋ ಅನ್ನಿಸಬೇಕಿತ್ತು. ನನಗೆ ಬಂದದ್ದು ಸಿಟ್ಟು. ಒಬ್ಬಳೇ ಮಗಳ ಮದುವೆಗೆ ಒಂದು ದಿನ ಮುಂಚೆ ಬರಲಾಗದ ಮನುಷ್ಯ ಇವನೆಂಥವನು ಎಂದು ಹಲ್ಲು ಕಚ್ಚಿಕೊಂಡು ಹಸೆಮಣೆಯ ಮೇಲೆ ಕುಳಿತಿದ್ದೆ.

ಮದುವೆಯಾದ ಮೇಲೂ ನಾನು ತಿಪಟೂರಿನಲ್ಲೇ ಉಳಿದೆ. ಗಂಡನ ಮನೆ ತವರಿನಿಂದ ಎರಡು ಬೀದಿ ಆಚೆ. ಬಸ್‌ಸ್ಟ್ಯಾಂಡಿನ ಹತ್ತಿರದ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿ, ಕಣ್ಣು ಪರೀಕ್ಷೆ ಮಾಡುವುದನ್ನು ಅಲ್ಲೇ ಕಲಿತೆ. ಬಂದವರನ್ನು ಕುರ್ಚಿಯ ಮೇಲೆ ಕೂರಿಸಿ, ಒಂದು ಕಣ್ಣು ಮುಚ್ಚಿ, ಎದುರಿನ ಗೋಡೆಯ ದೀಪದ ಪೆಟ್ಟಿಗೆಯ ಮೇಲಿನ ಅಕ್ಷರಗಳನ್ನು ಓದಿಸಬೇಕು. ಆ ಪೆಟ್ಟಿಗೆಗೆ ನಾಲ್ಕು ಮುಖ. ಒಂದರ ಮೇಲೆ ಕನ್ನಡ, ಒಂದರ ಮೇಲೆ ಇಂಗ್ಲಿಷ್, ಒಂದರ ಮೇಲೆ ಅಂಕಿಗಳು, ಇನ್ನೊಂದರ ಮೇಲೆ ಓದು ಬಾರದವರಿಗೆ ಗುರುತುಗಳು. ದಿನಕ್ಕೆ ಹತ್ತಿಪ್ಪತ್ತು ಜನರ ಕಣ್ಣು ನೋಡುತ್ತಿದ್ದೆ. ತುರುವೇಕೆರೆ ಕಡೆಯಿಂದ, ಚಿಕ್ಕನಾಯಕನಹಳ್ಳಿ ಕಡೆಯಿಂದ ಬರುತ್ತಿದ್ದ ಮುದುಕ ಮುದುಕಿಯರಿಗೆ "ಮುಂಚೆನೇ ಬರ್ಬಾರ್ದಿತ್ತಾ ಅಜ್ಜಿ?" ಎಂದು ಗದರುತ್ತಿದ್ದೆ. ಮನೆಯಲ್ಲೇ ಒಂದು ಜೋಡಿ ಕಣ್ಣು ಆರುತ್ತಿದ್ದದ್ದು ನನಗೆ ಕಾಣಲಿಲ್ಲ.

ಕಾಣುವ ಹಾಗೆ ಸೂಚನೆಗಳೇನೋ ಇದ್ದವು. ಒಂದೇ ವರ್ಷದಲ್ಲಿ ಲಾರಿಯ ಎಡಗಡೆಯ ಕನ್ನಡಿ ಮೂರು ಸಲ ಒಡೆದಿತ್ತು. "ಈಗಿನ ಬೈಕ್‌ನೋರು ಎಲ್ಲಿಂದ ನುಗ್ತಾರೋ ಗೊತ್ತಾಗಲ್ಲ" ಎಂದು ಅಪ್ಪ ಬೈಯುತ್ತಿದ್ದ. ಒಮ್ಮೆ ಸಂಪಿಗೆ ಊರಿನ ದೇವಸ್ಥಾನಕ್ಕೆ ಅವನ ಮೊಪೆಡ್ಡಿನ ಹಿಂದೆ ಕುಳಿತು ಹೋಗಿದ್ದೆ. ಎಡಗಡೆಯ ತೋಟದಿಂದ ಒಂದು ಎಮ್ಮೆ ನಿಧಾನವಾಗಿ ರಸ್ತೆಗೆ ಬಂತು. ನಾನು ಕಿರುಚುವವರೆಗೂ ಅವನು ಬ್ರೇಕ್ ಹಿಡಿಯಲಿಲ್ಲ. "ನೋಡಿದ್ದೆ ಕಣಮ್ಮ, ಅದು ನಿಲ್ಲುತ್ತೆ ಅಂದ್ಕೊಂಡೆ" ಅಂದ. ಎಮ್ಮೆಯನ್ನು ನಂಬಿ ಗಾಡಿ ಓಡಿಸುವ ಜಾತಿಯವನಲ್ಲ ಅವನು.

ಆ ವಾರವೇ ಅಂಗಡಿಗೆ ಬಾ ಎಂದು ಕಾಡತೊಡಗಿದೆ. ಊರಲ್ಲಿದ್ದ ದಿನಗಳಲ್ಲಿ ನನ್ನ ಊಟದ ಡಬ್ಬಿ ಕೊಡಲು ಬರುತ್ತಿದ್ದವನು ನಾನು ಗಿರಾಕಿಗಳನ್ನು ಓದಿಸುವುದನ್ನು ಬಾಗಿಲ ಬಳಿ ನಿಂತು ನೋಡಿಕೊಂಡು ಹೋಗುತ್ತಿದ್ದ. ಆದರೆ ಕುರ್ಚಿಯಲ್ಲಿ ಕೂರು ಅಂದರೆ ಲೋಡು, ಡೀಸೆಲ್ಲು, ಟೈರು ಅಂತ ಏನಾದರೊಂದು ನೆಪ. ಕೊನೆಗೊಂದು ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಬಂದು ಕುಳಿತ. ಬಲಗಣ್ಣಿನಲ್ಲಿ ಕೊನೆಯ ಸಾಲಿನವರೆಗೂ ಓದಿದ. ಎಡಗಣ್ಣಿನಲ್ಲೂ ಹಾಗೇ ಓದಿದ, ಒಂದಕ್ಷರ ತಪ್ಪಲಿಲ್ಲ. ಅವನ ವಯಸ್ಸಿನಲ್ಲಿ ಎರಡೂ ಕಣ್ಣು ಇಷ್ಟು ಚೆನ್ನಾಗಿರುವುದು ಕಡಿಮೆ. ಖುಷಿಯಾಗಬೇಕಾದವಳಿಗೆ ಏನೋ ಅನುಮಾನ ಬಂತು. ಅಕ್ಷರಗಳನ್ನು ಅವನು ನೋಡಿ ಓದುವವನಂತೆ ಓದುತ್ತಿರಲಿಲ್ಲ, ಮಗ್ಗಿ ಒಪ್ಪಿಸುವವನಂತೆ ಹೇಳುತ್ತಿದ್ದ.

ಬಲಗಣ್ಣಿನ ಮೇಲೆ ಮುಚ್ಚಳ ಹಾಗೇ ಇತ್ತು. ನಾನು ಸದ್ದಾಗದಂತೆ ಹೋಗಿ ಪೆಟ್ಟಿಗೆಯನ್ನು ತಿರುಗಿಸಿದೆ. ಈಗ ಅವನ ಎದುರಿಗಿದ್ದದ್ದು ಅಂಕಿಗಳು.

"ಇನ್ನೊಂದ್ಸಲ ಓದಪ್ಪಾ, ಮೇಲಿಂದ."

ಅಪ್ಪ ಕತ್ತೆತ್ತಿ ಅದೇ ಅಕ್ಷರಗಳನ್ನು ಸಾಲಾಗಿ ಹೇಳಿದ. ಗ, ರ, ಮ, ನ, ಸ. ಪೆಟ್ಟಿಗೆಯ ಮೇಲೆ ಅಂಗೈಯಗಲದ ನಾಲ್ಕು ಎಂಬ ಅಂಕಿ ಹೊಳೆಯುತ್ತಿತ್ತು.

ನಾನು ಮುಚ್ಚಳ ತೆಗೆದೆ. ಅವನು ಬಲಗಣ್ಣಿನಿಂದ ಪೆಟ್ಟಿಗೆಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ.

"ಬಾಯಿಪಾಠ ಮಾಡ್ಕೊಂಡು ಬಂದಿದ್ದೀಯಲ್ಲಪ್ಪಾ!"

"ಏನ್ ಮಾಡ್ಲಿ ಮತ್ತೆ?" ಎಂದು ನನ್ನ ಮೇಲೆಯೇ ರೇಗಿದ. "ನೀನು ಬುಡ್ತೀಯಾ ನನ್ನ?"

ಮಾರನೆಯ ದಿನವೇ ತುಮಕೂರಿನ ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಯಂತ್ರದಲ್ಲಿ ಗಲ್ಲ ಇಡಿಸಿ, ಮಿಣುಕುವ ಚುಕ್ಕಿಗಳನ್ನು ತೋರಿಸಿ, ಕಾಣಿಸಿದಾಗೆಲ್ಲ ಗುಂಡಿ ಒತ್ತಲು ಹೇಳಿದರು. ಎಡಗಣ್ಣಿನ ಪಾಳಿಯಲ್ಲಿ ಅವನ ಬೆರಳು ಸುಮ್ಮನೆ ಇತ್ತು. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಸಾಯುವ ಕಾಯಿಲೆ, ಗ್ಲಾಕೋಮಾ. ಡಾಕ್ಟರಮ್ಮ ಸಮಾಧಾನವಾಗಿ ಹೇಳಿದರು. ಎಡಗಣ್ಣು ಹೋಗಿದೆ, ವಾಪಸು ಬರುವುದಿಲ್ಲ. ಬಲಗಣ್ಣಿನಲ್ಲಿ ನೇರಕ್ಕೆ ಕಾಣುತ್ತದೆ, ಪಕ್ಕದ ನೋಟ ಕಡಿಮೆಯಾಗುತ್ತಿದೆ. ಬದುಕಿರುವವರೆಗೂ ದಿನಕ್ಕೆ ಎರಡು ಸಲ ಔಷಧಿಯ ಹನಿ ಹಾಕಿಕೊಂಡರೆ ಉಳಿದದ್ದನ್ನು ಉಳಿಸಬಹುದು.

"ಎರಡು ಮೂರು ವರ್ಷ ಮುಂಚೆ ಬಂದಿದ್ರೆ ಚೆನ್ನಾಗಿತ್ತು" ಅಂದರು. ನಾನು ಅಂಗಡಿಯಲ್ಲಿ ದಿನಾ ಆಡುವ ಮಾತು. ಆಮೇಲೆ ಕೇಳಿದರು. "ಏನು ಕೆಲಸ ಮಾಡ್ತೀರಿ?"

ನಾನು ಬಾಯಿ ತೆರೆಯುವ ಮುಂಚೆಯೇ ಅಪ್ಪ ಹೇಳಿದ. "ತೋಟ ನೋಡ್ಕಂಡಿದ್ದೀನಿ ಮೇಡಂ."

ನಮಗೆ ತೋಟವೇ ಇರಲಿಲ್ಲ. ಮನೆಯ ಹಿಂದೆ ಇದ್ದದ್ದು ಒಂದು ತೆಂಗಿನ ಮರ. ಆ ಕೋಣೆಯಲ್ಲಿ ನಾನು ಸತ್ಯ ಹೇಳಬೇಕಿತ್ತು. ಹೇಳಲಿಲ್ಲ. ಡಾಕ್ಟರಮ್ಮ "ಹಾಗಾದ್ರೆ ತೊಂದರೆ ಇಲ್ಲ, ಆದ್ರೆ ಗಾಡಿ ಮಾತ್ರ ಓಡಿಸಬೇಡಿ" ಅಂದಾಗ ಇಬ್ಬರೂ ತಲೆಯಾಡಿಸಿ ಎದ್ದು ಬಂದೆವು. ಈಗಲೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ವಾಪಸು ಬರುವಾಗ ಬಸ್ಸಿನಲ್ಲಿ ಜಗಳ ಶುರುವಾಯಿತು. ಅಕ್ಕಪಕ್ಕದವರಿಗೆ ಕೇಳಬಾರದೆಂದು ಇಬ್ಬರೂ ಪಿಸುದನಿಯಲ್ಲೇ ಕಿತ್ತಾಡಿದೆವು.

"ಇದೊಂದು ಟ್ರಿಪ್ ಹೋಗ್ಬಂದ್ಬುಡ್ತೀನಿ ಕಣಮ್ಮ. ಲೋಡು ಒಪ್ಕಂಡಾಗೈತೆ."

"ಯಾರಿಗಾದ್ರೂ ಏನಾದ್ರೂ ಆದ್ರೆ?"

"ಇಷ್ಟು ವರ್ಷದಾಗೆ ಒಂದು ಕೋಳಿ ಮೇಲೂ ಹತ್ಸಿಲ್ಲ ನಾನು. ಎರಡು ಕಣ್ಣು ಇರೋರು ದಿನಾ ಎಲ್ಲೆಲ್ಲಿ ಹೋಗಿ ಗುದ್ದುತಾರೆ, ನೋಡೀಯಂತೆ ಬಾ ನನ್ ಜೊತೆ."

ಇದೊಂದು ಟ್ರಿಪ್ ಅಂದವನು ಅದನ್ನು ಮುಗಿಸಿ ಬಂದು ಇನ್ನೊಂದಕ್ಕೆ ಹೋದ. ಔಷಧಿಯ ಬಾಟಲಿ ಜೊತೆಗೆ ಕಳಿಸಿದ್ದೆ. ಹೋದ ಹಾಗೆಯೇ ವಾಪಸು ಬಂತು, ಮುಚ್ಚಳದ ಸೀಲು ಕೂಡ ಒಡೆದಿರಲಿಲ್ಲ. "ಎಲ್ಲಿ ಪುರುಸೊತ್ತು?" ಅಂದ. ಅಮ್ಮನ ಹತ್ತಿರ ಹೋಗಿ ಕೂಗಾಡಿದೆ. ಅವಳು ಸೊಪ್ಪು ಸೋಸುತ್ತ ತಲೆ ತಗ್ಗಿಸಿಕೊಂಡೇ ಇದ್ದಳು. ಆಗ ನನಗೆ ಹೊಳೆಯಿತು. ಸುಮಾರು ದಿನಗಳಿಂದ ಅಪ್ಪನ ನೀರಿನ ಲೋಟವನ್ನು ಅಮ್ಮ ಬಲಗಡೆಗೆ ಇಡುತ್ತಿದ್ದಳು. ಬಾಗಿಲ ಎಡಕ್ಕೆ ಇದ್ದ ಕೊಡಪಾನಗಳನ್ನು ಯಾವತ್ತೋ ಹಿತ್ತಲಿಗೆ ಸಾಗಿಸಿದ್ದಳು.

"ನಿಂಗೆ ಗೊತ್ತಿತ್ತಾ?"

"ಎಡಗಡೆ ಇಟ್ಟಿದ್ದು ಎಡವ್ತಿದ್ರು. ಅದಕ್ಕೆ ತೆಗ್ದೆ."

"ಯಾಕೆ ಅಂತ ಕೇಳ್ಲಿಲ್ವಾ?"

"ಕೇಳಿದ್ರೆ ಬಯ್ತಾರೆ ಕಣೇ."

ಕೊಡ ಎಡವಿದರೆ ಕೊಡ ಸರಿಸಿದಳು. ಹೆದ್ದಾರಿಯಲ್ಲಿ ಎಡವಿದರೆ ಯಾರನ್ನು ಸರಿಸುವುದು? ಇದನ್ನು ಅಂದೆ ಕೂಡ. ಅಮ್ಮ ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದಳು.

ಮೂರನೆಯ ಟ್ರಿಪ್ಪು ಮುಗಿಸಿಕೊಂಡು ಬರುವಾಗ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಲಾರಿ ಒಂದು ಎಳನೀರಿನ ತಳ್ಳುಗಾಡಿಗೆ ತಗುಲಿತು. ಯಾರಿಗೂ ಪೆಟ್ಟಾಗಲಿಲ್ಲ. ಗಾಡಿ ಮುರಿಯಿತು, ಎಳನೀರು ರಸ್ತೆಯ ತುಂಬ ಉರುಳಾಡಿತು. ಮಂಡಿಯ ಮಾಲೀಕರು ಯಾರನ್ನೋ ಕಳಿಸಿ ಅಲ್ಲೇ ರಾಜಿ ಮಾಡಿಸಿದರು. ಅಪ್ಪ ಮನೆಗೆ ಬಂದು "ನಡುರಸ್ತೇಲಿ ಗಾಡಿ ನಿಲ್ಸ್ಕಂಡ್ರೆ ಇನ್ನೇನಾಯ್ತದೆ?" ಅಂದ.

ಅಂಗಡಿಗೆ ಅರ್ಧ ದಿನ ರಜೆ ಹಾಕಿ ನಾನು ಬಸ್ಸು ಹತ್ತಿ ಕ್ರಾಸಿಗೆ ಹೋದೆ. ಎಳನೀರು ಮಾರುತ್ತಿದ್ದವಳು ಅಮ್ಮನ ವಯಸ್ಸಿನ ಹೆಂಗಸು. ಮುರಿದ ಗಾಡಿಯ ಹಲಗೆಗಳನ್ನು ಪಕ್ಕಕ್ಕೆ ಒಟ್ಟಿ, ಗೋಣಿಚೀಲದ ಮೇಲೆ ಕಾಯಿ ಜೋಡಿಸಿಕೊಂಡು ಕುಳಿತಿದ್ದಳು. ನಾನು ಯಾರೆಂದು ಹೇಳಲಿಲ್ಲ. ಒಂದು ಎಳನೀರು ಕೊಚ್ಚಿಸಿಕೊಂಡು "ಏನಾಯ್ತಕ್ಕಾ ಗಾಡಿಗೆ?" ಅಂತ ಕೇಳಿದೆ.

"ಲಾರಿ ಬಂದು ಗುದ್ತು ಕಣವ್ವ. ರಸ್ತೆಯಿಂದ ಎಷ್ಟು ದೂರ ಐತೆ ನೀನೇ ನೋಡು." ಹುಣಸೆಮರದ ಬುಡ ತೋರಿಸಿದಳು. ಡಾಂಬರಿನ ಅಂಚಿನಿಂದ ಅಲ್ಲಿಗೆ ನಾಲ್ಕು ಹೆಜ್ಜೆಯಾದರೂ ಇತ್ತು. ಮಣ್ಣಿನಲ್ಲಿ ಟೈರಿನ ಗುರುತು ಇನ್ನೂ ಅಳಿಸಿರಲಿಲ್ಲ. "ಕತ್ತಿ ಮಸ್ಕಳಕ್ಕೆ ಅಂತ ಆ ಕಲ್ಲಿನ ತಾವ ಹೋಗಿದ್ದೆ. ಇಲ್ದಿದ್ರೆ ಇವತ್ತು ನಿಂಗೆ ಕಾಯಿ ಕೊಚ್ಚಿಕೊಡೋರು ಯಾರು?"

ಅವಳು ನಕ್ಕಳು. ನಾನು ಎಳನೀರನ್ನು ಅರ್ಧಕ್ಕೇ ಬಿಟ್ಟು, ದುಡ್ಡು ಕೊಟ್ಟು ಎದ್ದೆ.

ಅಲ್ಲಿಂದ ಸೀದಾ ಮಂಡಿಗೆ ಹೋದೆ. ಲಾರಿ ಮಾಲೀಕರು ಕೊಬ್ಬರಿ ರಾಶಿಯ ಪಕ್ಕ ಕುಳಿತು ಒಂದೊಂದನ್ನೇ ಅಲ್ಲಾಡಿಸಿ ನೋಡುತ್ತಿದ್ದರು. ನನ್ನನ್ನು ಚಿಕ್ಕವಳಿದ್ದಾಗಿನಿಂದ ಬಲ್ಲವರು. ನಿಂತುಕೊಂಡೇ ಹೇಳಿದೆ.

"ಯಜಮಾನ್ರೇ, ನಮ್ಮಪ್ಪಂಗೆ ಎಡಗಣ್ಣು ಪೂರ್ತಿ ಹೋಗಿದೆ. ಬಲಗಣ್ಣೂ ಹೋಗ್ತಾ ಇದೆ. ಇನ್ಮೇಲೆ ಅವ್ರ ಕೈಗೆ ಲಾರಿ ಕೊಡ್ಬೇಡಿ."

ಅವರು ಕೈಯಲ್ಲಿದ್ದ ಕೊಬ್ಬರಿಯನ್ನು ರಾಶಿಗೆ ಹಾಕಿದರು. ಆಮೇಲೆ ಅಂದರು. "ನಂಗೂ ಅನುಮಾನ ಇತ್ತು ಕಣಮ್ಮ. ಗೇಟ್ನಾಗೆ ಲಾರಿ ತರೋವಾಗ ಮೂರು ಮೂರು ಸಲ ಹಿಂದೆ ಮುಂದೆ ಮಾಡ್ತಿದ್ದ. ಇಷ್ಟು ವರ್ಷ ದುಡ್ದೋನು, ಹೆಂಗೆ ಹೇಳಾದು? ಮನೇವ್ರೇ ಯಾರಾದ್ರೂ ಹೇಳ್ತಾರೆ ಅಂದ್ಕಂಡೆ."

ನನಗೆ ಆ ರಾಶಿಯನ್ನೆಲ್ಲ ಕಾಲಲ್ಲಿ ಒದ್ದು ಚೆಲ್ಲಾಪಿಲ್ಲಿ ಮಾಡಬೇಕೆನ್ನಿಸಿತು. ಮಾಲೀಕರಿಗೆ ಗೊತ್ತಿತ್ತು, ಅಮ್ಮನಿಗೆ ಗೊತ್ತಿತ್ತು. ಜೊತೆಯಲ್ಲಿ ಹೋಗುತ್ತಿದ್ದ ಎರಡನೇ ಡ್ರೈವರಿಗಂತೂ ಗೊತ್ತಿರಲೇಬೇಕು. ಎಲ್ಲರೂ ಮರ್ಯಾದೆಯ ಹೆಸರಿನಲ್ಲಿ ಬಾಯಿ ಮುಚ್ಚಿಕೊಂಡು, ಕೆಟ್ಟವಳಾಗುವ ಕೆಲಸವನ್ನು ನನಗೆ ಬಿಟ್ಟಿದ್ದರು.

ಮಾಲೀಕರು ಅಪ್ಪನನ್ನು ಕರೆಸಿ, ಗೋಡೌನಿನಲ್ಲಿ ಲೋಡು ನೋಡಿಕೊಂಡು ಇರು ಅಂದರಂತೆ. ಕುರ್ಚಿ, ಫ್ಯಾನು ಎಲ್ಲ ಇರುವ ಕೆಲಸ. ಅಪ್ಪ ಬೀಗದಕೈ ಮೇಜಿನ ಮೇಲಿಟ್ಟು ಬಂದುಬಿಟ್ಟ. ಸಂಜೆ ನಾನು ಹೋದಾಗ ಜಗುಲಿಯ ಮೇಲೆ ಕುಳಿತಿದ್ದ.

"ನೀನಾ ಹೇಳಿದ್ದು?"

"ಹೌದಪ್ಪ."

"ಸರಿ."

ಅಷ್ಟೇ. ಅವತ್ತಿನಿಂದ ಮಾತು ನಿಂತಿತು.

ಎರಡು ತಿಂಗಳಾದ ಮೇಲೆ ಅಮ್ಮನ ಹಾಸಿಗೆಯ ಕೆಳಗೆ ಒಂದು ಸರ್ಟಿಫಿಕೇಟ್ ಸಿಕ್ಕಿತು. ಎರಡೂ ಕಣ್ಣಿನ ದೃಷ್ಟಿ ಸರಿಯಾಗಿದೆ, ಭಾರೀ ವಾಹನ ಓಡಿಸಲು ಯೋಗ್ಯ ಎಂದು ಯಾವನೋ ಡಾಕ್ಟರು ಸಹಿ ಹಾಕಿ ಮೊಹರು ಒತ್ತಿದ್ದ. ಅಕ್ಷರ ಓದಿಸಿದ್ದನೋ ಇಲ್ಲವೋ ದೇವರಿಗೇ ಗೊತ್ತು. ಅಮ್ಮನನ್ನು ಕೇಳಿದರೆ, ಚಿಕ್ಕನಾಯಕನಹಳ್ಳಿಯ ಕಡೆ ಇನ್ನೊಬ್ಬರು ಲಾರಿಗೆ ಕರೆದಿದ್ದಾರೆ, ಬೆಳಿಗ್ಗೆಯೇ ಹೋದರು, ಹಂದನಕೆರೆಯಿಂದ ಲೋಡಂತೆ ಅಂದಳು. ನಾನು ಅಪ್ಪನಿಗೆ ಫೋನು ಮಾಡಿದೆ. ಎತ್ತಲಿಲ್ಲ. ಗಂಡನ ಬೈಕು ತೆಗೆದುಕೊಂಡು ಹೊರಟೆ. ಹಂದನಕೆರೆಯ ರಸ್ತೆಯುದ್ದಕ್ಕೂ ಎದುರಿಗೆ ಬಂದ ಪ್ರತಿ ಲಾರಿಯ ಡ್ರೈವರನ ಮುಖ ನೋಡುತ್ತ ಹೋದೆ. ಸಿಕ್ಕಿದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ರಸ್ತೆಗೆ ಅಡ್ಡ ನಿಲ್ಲುತ್ತಿದ್ದೆನೇನೋ. ಊರು ಮುಟ್ಟಿ, ಅಲ್ಲೂ ವಿಚಾರಿಸಿ, ಸಿಗದೆ ತಿರುಗಿ ಬಂದರೆ ಅಪ್ಪ ನನಗಿಂತ ಮುಂಚೆಯೇ ಮನೆಯಲ್ಲಿದ್ದ. ಬಸ್ಸಿನಲ್ಲಿ ಬಂದಿದ್ದನಂತೆ. ಮುಖ ತೊಳೆದುಕೊಂಡು ಗೋಡೆಗೊರಗಿ ಕುಳಿತಿದ್ದ. ಏನಾಯಿತೆಂದು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಅಮ್ಮ "ಸುಮ್ಕಿರೇ" ಎಂದು ಕಣ್ಣಲ್ಲೇ ಹೇಳಿದಳು. ಮಾರನೆಯ ದಿನದಿಂದ ಅವನು ಯಾವ ಲಾರಿಯ ಹತ್ತಿರವೂ ಹೋಗಲಿಲ್ಲ. ಆ ಇನ್ನೊಬ್ಬ ಮಾಲೀಕ ಬೇಡ ಅಂದಿರಬೇಕು, ಅದಕ್ಕೂ ನಾನೇ ಕಾರಣ ಎಂದು ಅಪ್ಪ ತಿಳಿದಿರಬೇಕು ಎಂದುಕೊಂಡೆ.

ಕಣ್ಣಿಗೆ ಹನಿ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಅಮ್ಮನ ಕೈ ನಡುಗಿ ಔಷಧಿಯೆಲ್ಲ ಕೆನ್ನೆಗೆ ಇಳಿಯುತ್ತಿತ್ತು. ಬೆಳಿಗ್ಗೆ ಅಂಗಡಿಗೆ ಹೋಗುವಾಗ ಒಂದು ಸಲ, ಸಂಜೆ ಬರುವಾಗ ಒಂದು ಸಲ. ನಾನು ಬಂದ ಸದ್ದಾದರೆ ಅಪ್ಪ ಮಂಚದ ಮೇಲೆ ಅಂಗಾತ ಮಲಗುತ್ತಿದ್ದ. ಅವನ ಹಣೆಯ ಮೇಲೆ ಅಂಗೈಯೂರಿ ಬಲಗಣ್ಣಿನ ರೆಪ್ಪೆ ಎತ್ತಿ ಹಿಡಿಯುತ್ತಿದ್ದೆ. ಇಷ್ಟು ಹತ್ತಿರದಿಂದ ಅವನ ಮುಖ ಚಿಕ್ಕಂದಿನಲ್ಲೂ ನೋಡಿರಲಿಲ್ಲ. ಹನಿ ಬಿದ್ದ ಮೇಲೆ ಐದು ನಿಮಿಷ ಕಣ್ಣು ಮುಚ್ಚಿರಬೇಕು. ಆ ಐದು ನಿಮಿಷ ನಾನು ಪಕ್ಕದಲ್ಲೇ ಕುಳಿತಿರುತ್ತಿದ್ದೆ. ಒಂದು ಮಾತಿಲ್ಲ. ಕೆಲವು ದಿನ ಬಾಟಲಿಯನ್ನು ಗೋಡೆಗೆ ಎಸೆದು ಎದ್ದು ಹೋಗಬೇಕೆನ್ನಿಸುತ್ತಿತ್ತು. ಮಾರನೆಯ ದಿನ ಮತ್ತೆ ಹೋಗುತ್ತಿದ್ದೆ.

ಏಳನೆಯ ತಿಂಗಳಲ್ಲಿ ಗಂಡನ ಕಡೆಯವರ ಗೃಹಪ್ರವೇಶಕ್ಕೆ ಶಿವಮೊಗ್ಗಕ್ಕೆ ಹೊರಟಿದ್ದೆವು. ಎರಡು ದಿನದ ಹನಿಯನ್ನು ಪಕ್ಕದ ಮನೆಯವರು ಹಾಕುತ್ತಾರೆ ಎಂದು ಅಮ್ಮನಿಗೆ ಹೇಳುತ್ತಿದ್ದೆ. ಅಪ್ಪ ಕಣ್ಣು ಮುಚ್ಚಿಕೊಂಡೇ ಕೇಳಿದ.

"ಕಾರ್ನಾಗಾ?"

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. "ಹೂಂನಪ್ಪ."

"ತರೀಕೆರೆ ತಾವ ರಸ್ತೆ ಅಗ್ದವ್ರಂತೆ. ಬೆಳಕಿದ್ದಂಗೇ ದಾಟ್ಕಳಿ. ಬೀರೂರ್ನಾಗೇ ತಿಂಡಿ ತಿನ್ರಿ, ಮುಂದೆ ಒಳ್ಳೆ ಹೋಟ್ಲಿಲ್ಲ."

ಮಾತು ಬಂದದ್ದು ಹೀಗೆ. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಆಮೇಲೆ ದಿನಾ ಮಾತಾಡುತ್ತಿದ್ದ. ರಸ್ತೆಯ ಬಗ್ಗೆ, ಊಟದ ಬಗ್ಗೆ, ಯಾವ ಡ್ರೈವರು ಈಗ ಎಲ್ಲಿದ್ದಾನೆ ಎನ್ನುವ ಬಗ್ಗೆ. ಹಳೆಯ ಸ್ನೇಹಿತರಿಗೆ ತಾನೇ ಫೋನು ಮಾಡಿ "ಎಲ್ಲಿದ್ದೀಯಲಾ?" ಎಂದು ಕೇಳುತ್ತಿದ್ದ. ಆದರೆ ನಾನು ಲಾರಿ ಬಿಡಿಸಿದ ವಿಷಯ ಮಾತ್ರ ಬರುತ್ತಲೇ ಇರಲಿಲ್ಲ. ಒಂದು ಸಂಜೆ ನಾನೇ ತೆಗೆದೆ.

"ಅಪ್ಪಾ, ಅವತ್ತು ನಾನು ಯಜಮಾನ್ರಿಗೆ ಹೇಳಿದ್ದು..."

"ಆಗಿದ್ದು ಆಯ್ತು ಬುಡು."

"ಆಯ್ತು ಅಂತ ಅಲ್ಲ. ತಪ್ಪಾ ಸರಿನಾ, ಅದನ್ನಾದ್ರೂ ಹೇಳು."

"ಹನಿ ಹಾಕ್ತೀಯೋ, ನಾನು ಏಳ್ಲೋ?"

ಹನಿ ಹಾಕಿದೆ. ಇನ್ನೆರಡು ಮೂರು ಸಲ ಪ್ರಯತ್ನಪಟ್ಟೆ. ಪ್ರತಿ ಸಲವೂ ಇದೇ ಕಥೆ. ಒಮ್ಮೆ ಬೈದಿದ್ದರೂ ನನಗೆ ನೆಮ್ಮದಿಯಾಗುತ್ತಿತ್ತು. ಒಂದು ಮಾತಿಗೆ ಅಷ್ಟೊಂದು ಗುದ್ದಾಡಿದವಳು ನಾನು, ಅದನ್ನು ಕೊಡದೆ ಉಳಿಸಿಕೊಂಡವನು ಅವನು.

ಹೋದ ವರ್ಷ ಒಂದು ಬೆಳಿಗ್ಗೆ ಮೂಲೆಯ ಅಂಗಡಿಗೆ ಟೀ ಕುಡಿಯಲು ಹೋದವನು ಅಲ್ಲೇ ಬೆಂಚಿನ ಮೇಲೆ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ಮುಗಿದಿತ್ತು. ಲಾರಿ ಬಿಟ್ಟು ಮೂರು ವರ್ಷವಾಗಿತ್ತು. ಬಲಗಣ್ಣಿನ ನೋಟ ಕೊನೆಯವರೆಗೂ ಉಳಿದಿತ್ತು. ಅಷ್ಟರ ಮಟ್ಟಿಗೆ ನನ್ನ ಕೆಲಸ ನಾನು ಮಾಡಿದ್ದೆ. ಮಣ್ಣಿಗೆ ಬಂದ ಡ್ರೈವರುಗಳು ರಸ್ತೆಯ ಪಕ್ಕ ಲಾರಿಗಳನ್ನು ಸಾಲಾಗಿ ನಿಲ್ಲಿಸಿದ್ದರು. ಅವರಲ್ಲಿ ಒಬ್ಬರು "ಮಗಳು ಹಟ ಮಾಡಿ ಬಿಡ್ಸಿದ್ಲಂತೆ" ಎಂದು ಇನ್ನೊಬ್ಬರಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು.

ತಿಥಿಯೆಲ್ಲ ಮುಗಿದು ನೆಂಟರು ಹೋದ ಮೇಲೆ ನಾನೂ ಅಮ್ಮನೂ ಅವನ ಬಟ್ಟೆಗಳನ್ನು ಮಡಿಸುತ್ತಿದ್ದೆವು. ಅಮ್ಮ ಯಾವ ಪೀಠಿಕೆಯೂ ಇಲ್ಲದೆ ಶುರುಮಾಡಿದಳು.

"ಅವತ್ತು ಹಂದನಕೆರೆಯಿಂದ ಬಸ್ನಾಗೆ ಬಂದ್ರಲ್ಲ, ಆ ಓನರ್ರು ಬ್ಯಾಡ ಅಂದಿರ್ಲಿಲ್ಲ ಕಣೇ."

"ಮತ್ತೆ?"

"ಲೋಡು ತುಂಬ್ಕಂಡು ಹೊರಟ್ರಂತೆ. ಒಂದು ಹಳ್ಳಿ ತಿರುವ್ನಾಗೆ ಎದುರುಗಡೆ ಯಾರೋ ಎರಡೂ ಕೈ ಎತ್ತಿ ಬೀಸ್ತಾ ಓಡ್ಬಂದ್ರಂತೆ. ಏನು ಅಂತ ಗೊತ್ತಾಗ್ದಿದ್ರೂ ಬ್ರೇಕ್ ಹಾಕಿದ್ರಂತೆ. ಇಳ್ದು ನೋಡಿದ್ರೆ ಎಡಗಡೆ ಚಕ್ರದ ಮುಂದೆ, ಒಂದು ಮೊಳ ದೂರ್ದಾಗೆ, ಒಬ್ಬ ಅಜ್ಜ ಊರುಗೋಲು ಹಿಡ್ಕಂಡು ನಿಂತವ್ನೆ. ಕಿವಿ ಕೇಳದಂಥ ಅಜ್ಜ. ಇವ್ರಿಗೆ ಕಂಡೇ ಇರ್ಲಿಲ್ಲ." ಅಮ್ಮ ಕೈಯಲ್ಲಿದ್ದ ಅಂಗಿಯನ್ನು ಇನ್ನೊಮ್ಮೆ ಮಡಿಸಿದಳು. "ಆ ಅಜ್ಜನ್ನ ಕೈ ಹಿಡ್ದು ರಸ್ತೆ ದಾಟ್ಸಿ, ಲಾರಿ ಪಕ್ಕಕ್ಕೆ ಹಾಕಿ, ಒಳಗೆ ಮಲ್ಗಿದ್ದ ಎರಡನೇ ಡ್ರೈವರ್‌ನ ಎಬ್ಸಿ ಬೀಗದಕೈ ಕೊಟ್ಟು, ಬಸ್ ಹತ್ಕಂಡು ಬಂದ್ರು. ನನ್ ಹತ್ರ ಹೇಳಿ ಅತ್ರು. ಮಗಳು ಮಾಡಿದ್ದು ಸರಿ ಕಣೇ, ಅವ್ಳು ಬುಡ್ಸಿರ್ಲಿಲ್ಲ ಅಂದ್ರೆ ಯಾವತ್ತೋ ಯಾರ್ನೋ ಕೊಂದಿರ್ತಿದ್ದೆ ಅಂದ್ರು."

"ಇದನ್ನ ನಂಗ್ಯಾಕೆ ಹೇಳ್ಲಿಲ್ಲ?"

"ಅವ್ಳಿಗೆ ಹೇಳ್ಬ್ಯಾಡ ಅಂತ ಆಣೆ ಹಾಕ್ಸ್ಕಂಡಿದ್ರು."

"ಯಾಕೆ?"

"ಅದ್ಯಾಕೋ ನಂಗೇನು ಗೊತ್ತು? ಕೇಳಿದ್ರೆ ಬಯ್ತಿದ್ರು."

ಮೂರು ವರ್ಷ. ದಿನಕ್ಕೆ ಎರಡು ಸಲದಂತೆ ಆ ಮಂಚದ ಪಕ್ಕ ಕುಳಿತಿದ್ದೆ. ಅಡುಗೆಮನೆಯಲ್ಲಿ ಇವಳು, ಮಂಚದ ಮೇಲೆ ಅವನು, ಇಬ್ಬರ ಬಾಯಲ್ಲೂ ನನಗೆ ಬೇಕಾಗಿದ್ದ ಮಾತು ಇತ್ತು. ಇಬ್ಬರೂ ಕೊಡಲಿಲ್ಲ. ನಾನು ಅಮ್ಮನ ಮೇಲೆ ಕೂಗಾಡಿದೆ. ಸತ್ತವನ ಮೇಲೆ ಹೊರಿಸಬೇಕಾದದ್ದನ್ನೂ ಸೇರಿಸಿ ಅವಳ ಮೇಲೆಯೇ ಹೊರಿಸಿದೆ. ನೀನು ಕೊಡ ಸರಿಸಿದವಳು, ಇನ್ನೇನು ಮಾಡ್ತೀಯ ಅಂದೆ. ಗಂಡ ಸತ್ತು ತಿಂಗಳಾಗಿರದ ಹೆಂಗಸಿಗೆ ಆಡುವ ಮಾತಲ್ಲ ಅದು. ಅಮ್ಮ "ಇವತ್ತಾದ್ರೂ ನಾನು ಹೇಳಿದ್ನಲ್ಲ" ಅಂದಳು ಅಷ್ಟೇ, ಮಡಿಸಿದ ಅಂಗಿಗಳನ್ನು ಒಂದರ ಮೇಲೊಂದು ಇಡುತ್ತ.

ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟೆ. ಎರಡು ದಿನ ಆ ಬೀದಿಯ ಕಡೆ ಹೋಗಲಿಲ್ಲ. ಮೂರನೆಯ ದಿನ ಅಂಗಡಿಯಲ್ಲಿದ್ದಾಗ ಅಮ್ಮ ಫೋನು ಮಾಡಿ, ಗ್ಯಾಸ್ ಸಿಲಿಂಡರ್ ಬಂದಿದೆ, ಹಾಕಿಕೊಡುವವರು ಯಾರೂ ಇಲ್ಲ ಅಂದಳು. ಅಂಗಡಿಯ ಮಾಲೀಕರಿಗೆ ಹೇಳಿ ಅರ್ಧ ಗಂಟೆ ಬಿಡುವು ತೆಗೆದುಕೊಂಡು ಹೋದೆ.